ಗುಳಿಗೆಗೆ ಬದಲಿ ಆಳು

ಮಲೇರಿಯಾ ಗುಳಿಗೆಯನ್ನು ರೋಗಿಯ ಕೈಗೆ ಕೊಟ್ಟು ಬಂದರೆ ಕೆಲಸ ಮುಗಿಯುವುದಿಲ್ಲ, ನುಂಗಿದ್ದನ್ನು ಕಣ್ಣಾರೆ ನೋಡಿ ಬರಬೇಕು. ಆರೋಗ್ಯ ನಿರೀಕ್ಷಕಿಯಾಗಿ ಸೇರಿದ ಹೊಸತರಲ್ಲೇ ನಮಗೆ ಇದನ್ನು ಹೇಳಿಕೊಟ್ಟಿದ್ದರು. ನಾನು ಅದಕ್ಕೆ ನನ್ನದೊಂದು ಬಾಲ ಜೋಡಿಸಿದ್ದೆ. ನುಂಗಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದೆ. ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳಲ್ಲಿ ನನ್ನ ಬೆನ್ನ ಹಿಂದೆ ‘ಬಾಯಿ ತೆಗಿ ಮೇಡಂ’ ಅಂತ ಕರೆಯುತ್ತಿದ್ದರು. ಕರೆದರೆ ಕರೆಯಲಿ, ಗುಳಿಗೆ ಹೊಟ್ಟೆಗೆ ಹೋದರೆ ಸಾಕು ಅಂತ ನನಗೊಂದು ಜಂಬ. ಹಚ್ಚೊಳ್ಳಿಗೆ ಬಂದ ನಾಟಿ ಗುಂಪು ಆ ಜಂಬವನ್ನು ಇಳಿಸಿತು.

ಆ ವರ್ಷ ಕಾಲುವೆಗೆ ನೀರು ಬಿಟ್ಟದ್ದೇ ತಡ, ಹಚ್ಚೊಳ್ಳಿ ಸುತ್ತ ಭತ್ತದ ನಾಟಿ ಶುರುವಾಯಿತು. ನಾಟಿಗೆ ಗಡಿಯಾಚೆಯ ಆದೋನಿ ಕಡೆಯ ಹಳ್ಳಿಗಳಿಂದ ಹೆಣ್ಣಾಳುಗಳು ಗುಂಪು ಕಟ್ಟಿಕೊಂಡು ಬರುತ್ತಾರೆ. ಗಡಿ ಅಂದರೆ ಅಲ್ಲಿ ಇರುವುದು ಒಂದು ಬೋರ್ಡು ಅಷ್ಟೇ. ಅದರ ಆಚೆಗೂ ಈಚೆಗೂ ಜನ ಕನ್ನಡ, ತೆಲುಗು ಎರಡನ್ನೂ ಕಲಸಿಕೊಂಡೇ ಮಾತಾಡುತ್ತಾರೆ. ಗುಂಪಿಗೊಬ್ಬಳು ಮೇಸ್ತ್ರಿ ಇರುತ್ತಾಳೆ. ಎಕರೆಗೆ ಇಷ್ಟು ಅಂತ ಅವಳು ಗುತ್ತಿಗೆ ಮಾತಾಡುತ್ತಾಳೆ, ಬಂದದ್ದನ್ನು ಗದ್ದೆಗೆ ಇಳಿದವರೆಲ್ಲ ಸಮನಾಗಿ ಹಂಚಿಕೊಳ್ಳುತ್ತಾರೆ. ಇಳಿಯದವಳಿಗೆ ಅವತ್ತಿನ ಪಾಲಿಲ್ಲ. ನಾಲ್ಕು ದಿನ ಇಳಿಯದಿದ್ದರೆ ಗುಂಪಿನಲ್ಲಿ ಅವಳ ಜಾಗಕ್ಕೆ ಬೇರೆಯವಳು ಬರುತ್ತಾಳೆ, ಆ ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು.

ನಮ್ಮ ಆರೋಗ್ಯ ಕೇಂದ್ರಕ್ಕೆ ಅಂಥ ಗುಂಪಿನ ಒಬ್ಬ ಹೆಂಗಸು ಗಡಗಡ ನಡುಗುತ್ತ ಬಂದಳಂತೆ. ನಾನು ಅವತ್ತು ಬೇರೆ ಊರಲ್ಲಿದ್ದೆ. ಲ್ಯಾಬಿನವರು ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ ನೋಡಿದರು. ವೈವಾಕ್ಸ್ ಮಲೇರಿಯಾ. ಈ ಜಾತಿಯ ರೋಗಾಣು ರಕ್ತದಲ್ಲಿ ಇರುವುದು ಸಾಲದೆಂದು ಪಿತ್ತಜನಕಾಂಗದಲ್ಲೂ ಹೋಗಿ ಅಡಗುತ್ತದೆ. ರಕ್ತದಲ್ಲಿರುವುದನ್ನು ಕೊಲ್ಲಲು ಮೂರು ದಿನದ ಕ್ಲೋರೋಕ್ವಿನ್, ಅಡಗಿದ್ದನ್ನು ಕೊಲ್ಲಲು ಹದಿನಾಲ್ಕು ದಿನದ ಪ್ರೈಮಾಕ್ವಿನ್. ಎರಡನೆಯದನ್ನು ಖಾಲಿ ಹೊಟ್ಟೆಯಲ್ಲಿ ತಿಂದರೆ ಕರುಳು ಹಿಂಡುತ್ತದೆ. ಬಸುರಿಯರಿಗೆ ಕೊಡುವ ಹಾಗಿಲ್ಲ, ಎಳೆಗೂಸಿಗೆ ಹಾಲೂಡುವ ಬಾಣಂತಿಗೂ ಇಲ್ಲ. ಆ ಹೆಂಗಸು ಕ್ಲೋರೋಕ್ವಿನ್ ಪೊಟ್ಟಣ ತೆಗೆದುಕೊಂಡು ಹೋಗಿದ್ದಳು. ಪ್ರೈಮಾಕ್ವಿನ್ ನುಂಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಮರುದಿನ ಬಳ್ಳಾರಿಯ ಗಾಂಧಿನಗರದ ಮನೆಯಿಂದ ಹೊರಟು ಮೊದಲ ಬಸ್ಸು ಹಿಡಿದೆ. ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸೈಕಲ್ ಅಂಗಡಿಯಲ್ಲಿ ನನ್ನ ಸ್ಕೂಟರ್ ಬಿಟ್ಟಿರುತ್ತೇನೆ. ಅದನ್ನು ಹತ್ತಿ ಹಚ್ಚೊಳ್ಳಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಊರ ಹೊರಗೆ ಉಪಕಾಲುವೆಯ ಏರಿ, ಅದರ ಕೆಳಗೆ ಗೌಡರೊಬ್ಬರ ಜಾಗ. ಬಿದಿರು ಗಳ ನೆಟ್ಟು ಮೇಲೆ ಟಾರ್ಪಾಲು ಎಳೆದ ಗುಡಾರಗಳು. ಮೂರು ಕಡೆ ಬಯಲು, ಒಂದು ಕಡೆ ಹಳೆ ಸೀರೆಯ ಮರೆ. ಬೆನ್ನಿಗೇ ಕಾಲುವೆ ಜಿನುಗಿ ನಿಂತ ತಿಳಿನೀರು. ಸೊಳ್ಳೆ ಪರದೆ ಕೇಳಿದರೆ ಒಬ್ಬರ ಬಳಿಯೂ ಇಲ್ಲ. ನಮ್ಮ ಕಡೆ ಪರದೆ ಹಂಚಿದ್ದು ಮನೆಗೆ ಇಷ್ಟು ಅಂತ, ಇವರ ಮನೆ ಇಲ್ಲಿಲ್ಲ. ಅವರ ಊರಲ್ಲಿ ಹಂಚುವಾಗ ಇವರು ಅಲ್ಲಿರಲಿಲ್ಲ. ದುಡಿಯಲು ಊರು ಬಿಟ್ಟ ತಪ್ಪಿಗೆ ಎರಡೂ ಸರ್ಕಾರದ ಪರದೆ ಕೈತಪ್ಪಿತ್ತು.

ರೋಗಿಯ ಹೆಸರು ಹಿಡಿದು ಕೂಗಿದೆ. ಗುಂಪು ಕತ್ತಲಿರುವಾಗಲೇ ಗದ್ದೆಗೆ ಹೋಗಿತ್ತು. ಒಬ್ಬ ಎಳೆ ಪ್ರಾಯದ ಹೆಣ್ಣುಮಗಳು ಕಂಕುಳಲ್ಲಿ ಕೂಸು ಹೊತ್ತು ಬಂದು, ನಾನೇ ಅಂದಳು. ಕೂಸು ನೋಡಿ ನನ್ನ ಕಿವಿ ನಿಮಿರಿತು. ಯಾರದು ಅಂತ ಕೇಳಿದೆ. ತನ್ನ ಮೈದುನನ ಹೆಂಡತಿ, ಅಂದರೆ ನೆಗೆಣ್ಣಿಯದು, ಅವಳು ನಾಟಿಗೆ ಹೋಗಿದ್ದಾಳೆ, ಜ್ವರ ಬಂದದ್ದರಿಂದ ತಾನು ಕೂಸು ನೋಡಿಕೊಂಡು ಉಳಿದಿದ್ದೇನೆ ಅಂದಳು. ಮಾತು ಸರಿಯಾಗಿತ್ತು. ಏನಾದರೂ ತಿಂದಿದ್ದೀಯಾ ಅಂತ ಕೇಳಿದರೆ ತಿಂದೀನಿ ಅಂದಳು. ಗುಳಿಗೆ ಕೊಟ್ಟೆ, ಬಾಯಿ ತೆರೆಸಿದೆ, ನಾಲಿಗೆ ಎತ್ತಿಸಿದೆ. ಒಂದು ದಿನ ತಪ್ಪಿಸಿದರೂ ಗೌಡರಿಗೆ ಹೇಳಿ ಗುಂಪಿನ ಕೆಲಸವನ್ನೇ ನಿಲ್ಲಿಸುತ್ತೇನೆ ಅಂತ ಗದರಿಸಿಯೂ ಬಂದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಕೆಲಸಕ್ಕೆ ಬರುತ್ತದೆ ಅಂತ ಇಟ್ಟುಕೊಂಡಿದ್ದೇನೆ.

ಹೀಗೇ ಕೆಲವು ದಿನ ನಡೆಯಿತು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ನಡುವೆ ಒಮ್ಮೆ ಹೊಟ್ಟೆ ಹಿಡಿದುಕೊಂಡ ಹಾಗೆ ಆಗುತ್ತದೆ ಅಂದಳು. ಚೆನ್ನಾಗಿ ಉಣ್ಣು ಅಂತ ಬುದ್ಧಿ ಹೇಳಿದೆ. ಇಂಥ ವಿಧೇಯ ರೋಗಿ ಹತ್ತು ಹಳ್ಳಿಗೆ ಒಬ್ಬಳು ಸಿಕ್ಕರೆ ಸಾಕು ಅಂತ ವೈದ್ಯಾಧಿಕಾರಿಗಳ ಮುಂದೆ ಹೊಗಳಿದ್ದೂ ಉಂಟು.

ಒಂದು ದಿನ ಗುಳಿಗೆ ಕೊಟ್ಟ ಮೇಲೆ ಲಾರ್ವಾ ನೋಡಲು ಗೌಡರ ಗದ್ದೆಯ ಕಡೆ ಹೋದೆ. ಉದ್ದ ಹಿಡಿಯ ಸೌಟಿನಲ್ಲಿ ನಿಂತ ನೀರನ್ನು ಮೆಲ್ಲಗೆ ಗೋರಿ ನೋಡುವುದು ಕ್ರಮ. ತಲೆಕೆಳಗಾಗಿ ಜೋತುಬಿದ್ದ ಹುಳವಾದರೆ ಬೇರೆ ಸೊಳ್ಳೆಯದು. ನೀರಿನ ಮೇಲೆ ಕಡ್ಡಿ ಮಲಗಿದ ಹಾಗೆ ಅಡ್ಡ ಮಲಗಿದ್ದರೆ ಮಲೇರಿಯಾ ಸೊಳ್ಳೆಯದು. ಬಸಿಗಾಲುವೆಯಲ್ಲಿ, ಎಮ್ಮೆಯ ಗೊರಸು ಊರಿದ ಕುಳಿಗಳಲ್ಲಿ, ಎಲ್ಲೆಲ್ಲೂ ಅಡ್ಡ ಮಲಗಿದ್ದವು. ಗೋರುತ್ತ ಬದುವಿನ ಮೇಲೆ ಮುಂದೆ ಹೋದರೆ, ಬಿರುಬಿಸಿಲಿನಲ್ಲಿ ಯಾರೋ ಗೋಣಿಚೀಲ ಹೊದ್ದು ಮುದುಡಿಕೊಂಡು ಬಿದ್ದಿದ್ದರು. ಚೀಲ ಅಲುಗುತ್ತಿತ್ತು. ಎತ್ತಿದೆ. ಹೆಂಗಸೊಬ್ಬಳು ಹಲ್ಲು ಕಟಕಟ ಕಡಿಯುತ್ತಿದ್ದಳು. ಗದ್ದೆಯಲ್ಲಿ ಬಗ್ಗಿದ್ದವರನ್ನು ಯಾರಾಕೆ ಈಕೆ ಅಂತ ಕೇಳಿದೆ. ಒಬ್ಬಳು ಗಾಬರಿಯಲ್ಲಿ ನಿಜ ಹೇಳಿಬಿಟ್ಟಳು. ನಾನು ದಿನಾ ಬೆಳಿಗ್ಗೆ ಕೂಗುತ್ತಿದ್ದ ಹೆಸರು ಅದು.

ಹಾಗಾದರೆ ಗುಡಾರದಲ್ಲಿ ಗುಳಿಗೆ ನುಂಗುತ್ತಿದ್ದವಳು ನೆಗೆಣ್ಣಿ. ಕೂಸು ಅವಳದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಬರೆಯನ್ನು ದಿನಾ ನಾನೇ ಹೋಗಿ ಹಾಕಿ ಬಂದಿದ್ದೆ.

ಮೇಸ್ತ್ರಿ ಸಸಿಯ ಕಟ್ಟು ಕೆಳಗಿಟ್ಟು ಬದುವಿಗೆ ಬಂದಳು. ನಡುವಯಸ್ಸು ದಾಟಿದ ಹೆಂಗಸು, ಮೊಳಕಾಲ ತನಕ ಕೆಸರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ತಲೆ ತಗ್ಗಿಸಲಿಲ್ಲ. ನನ್ನ ಉಸಿರು ಮುಗಿದ ಮೇಲೆ ಸಾವಕಾಶ ಹೇಳಿದಳು.

“ನೀವು ಬರದು ಹೊತ್ತೇರಿದ ಮ್ಯಾಲೆ. ನಾವು ಹೋಗದು ಕೋಳಿ ಕೂಗಿದಾಗ. ಆಕಿ ನಿಮಗ ಕಾಯ್ಕೋತ ಕುಂತ್ರ ಅವತ್ತಿನ ಪಾಲು ಹೋತು. ಕೆಲಸ ನಿಲ್ಲಿಸ್ತೀನಂತ ನೀವ ಅಂದ್ರಿ. ನಮ್ಮಾಗ ಆಳಿಗೆ ಆಳು ನಡೀತೈತ್ರಿ. ಒಬ್ಬಾಕಿ ಇಳೀಲಿಲ್ಲಂದ್ರ ಆಕಿ ಕಡಿಂದ ಇನ್ನೊಬ್ಬಾಕಿ ಇಳದ್ರ ಆತು, ಪಾಲು ಆಕಿಗೇ. ನಿಮಗ ನುಂಗಿದ್ದು ಕಾಣಬೇಕಿತ್ತು. ಕಾಣಿಸಿದ್ವಿ.”

ಕ್ಲೋರೋಕ್ವಿನ್ ಏನಾಯಿತು ಅಂತ ಕೇಳಿದೆ. ಮೊದಲ ದಿನದ್ದು ತಿಂದಳಂತೆ, ನಡುಕ ನಿಂತಿತಂತೆ. ಉಳಿದದ್ದನ್ನು ಇನ್ನಾರಿಗಾದರೂ ಜ್ವರ ಬಂದರೆ ಬೇಕಾಗುತ್ತದೆ ಅಂತ ಮೇಸ್ತ್ರಿ ಸೆರಗಿನಲ್ಲಿ ಕಟ್ಟಿಟ್ಟಿದ್ದಳು. ಗಂಟು ಬಿಚ್ಚಿ ತೋರಿಸಿದಳು. ಕೂಲಿಯನ್ನೂ ಬುತ್ತಿಯ ಶೇಂಗಾ ಹಿಂಡಿಯನ್ನೂ ಸಮ ಹಂಚಿಕೊಳ್ಳುವವರು ಗುಳಿಗೆಯನ್ನು ಮಾತ್ರ ಒಬ್ಬಳೇ ತಿಂದು ಮುಗಿಸಲಿ ಅಂತ ಬಿಡುವುದು ಅವರ ಲೆಕ್ಕದಲ್ಲಿ ಸರಿಯಲ್ಲ. ಅವರನ್ನು ಪೆದ್ದರು ಅನ್ನುವ ಹಾಗಿರಲಿಲ್ಲ. ನಾನು ಕೇಳಿದ್ದನ್ನೇ ಅವರು ಕೊಟ್ಟಿದ್ದರು.

ಮೊದಲು ಕೂಸು. ಜ್ವರದಾಕೆಗೆ ಕ್ಲೋರೋಕ್ವಿನ್ ನುಂಗಿಸಿ ನೆರಳಿನಲ್ಲಿ ಮಲಗಿಸಿ, ಓಡಿಹೋಗಿ ಬಾಣಂತಿಯನ್ನೂ ಕೂಸನ್ನೂ ಸ್ಕೂಟರ್ ಹಿಂದೆ ಕೂರಿಸಿಕೊಂಡು ಸಿರುಗುಪ್ಪದ ಆಸ್ಪತ್ರೆಗೆ ಹೊರಟೆ. ಕೆಲವು ಮಕ್ಕಳ ರಕ್ತಕ್ಕೆ ಈ ಔಷಧಿ ಆಗಿಬರುವುದಿಲ್ಲ. ತಾಯಿಯ ಹಾಲಿನಲ್ಲಿ ಹೋದದ್ದೇ ಸಾಕು, ರಕ್ತಕಣಗಳು ಒಡೆದು ಉಚ್ಚೆ ಕಪ್ಪಾಗುತ್ತದೆ. ಕೂಸಿನ ಲಂಗೋಟಿಯ ಬಣ್ಣ ಏನಿತ್ತು ಅಂತ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದೆ. ಅವಳು ಅಳುತ್ತ, ಬೆಳ್ಳಗೈತ್ರಿ ಬೆಳ್ಳಗೈತ್ರಿ ಅನ್ನುತ್ತಿದ್ದಳು. ವೈದ್ಯರು ಕೂಸಿನ ಕಣ್ಣರೆಪ್ಪೆ ಬಿಡಿಸಿ ನೋಡಿದರು, ಅಂಗೈ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಏನೂ ಆಗಿಲ್ಲ, ಆದರೆ ಗುಳಿಗೆ ಇವತ್ತಿಗೇ ನಿಲ್ಲಬೇಕು, ಇನ್ನೂ ಕೆಲವು ದಿನ ಉಚ್ಚೆಯ ಬಣ್ಣ ನೋಡುತ್ತಿರಿ ಅಂದರು. ಆ ಮಾತು ಕೇಳಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತುಬಿಟ್ಟೆ. ಬಾಣಂತಿಯೇ ನನಗೆ ನೀರು ತಂದುಕೊಟ್ಟಳು.

ವಾಪಸು ಬರುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಗೌಡರು ಏರಿಯ ಮೇಲೆ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಆಂಧ್ರದವರು ರೋಗ ತಂದಿದ್ದಾರೆ, ಊರವರು ತಕರಾರು ಮಾಡುತ್ತಿದ್ದಾರೆ, ನಾಳೆಯೇ ಗುಡಾರ ಕೀಳಿಸಿ ಬೇರೆ ಗುಂಪು ತರಿಸುತ್ತೇನೆ ಅಂದರು. ಮೇಸ್ತ್ರಿ ಕೇಳಿಸಿಕೊಂಡೂ ಕಾಲಿನ ಕೆಸರು ತೊಳೆಯುತ್ತಲೇ ಇದ್ದಳು. ಬಡವರ ಸಿಟ್ಟು ದವಡೆಗೆ ಮೂಲ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗುಂಪು ಎದ್ದುಹೋದರೆ ಏನಾಗುತ್ತದೆ ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಜ್ವರದಾಕೆಯನ್ನು ಬಿಟ್ಟು ಉಳಿದವರು ಇನ್ನೊಂದು ಊರಿಗೆ ಹೋಗುತ್ತಾರೆ. ಇವಳು ರೋಗಾಣುವನ್ನು ಒಡಲಲ್ಲಿ ಇಟ್ಟುಕೊಂಡು ಒಬ್ಬಳೇ ಗಡಿ ದಾಟುತ್ತಾಳೆ, ತಿಂಗಳೊಪ್ಪತ್ತಿನಲ್ಲಿ ಮತ್ತೆ ನಡುಗುತ್ತಾಳೆ. ಅವಳ ವಿಳಾಸ ನನ್ನ ಬಳಿ ಇರುವುದಿಲ್ಲ, ಅವಳ ಬಳಿ ದುಡಿಮೆ ಇರುವುದಿಲ್ಲ. ಇವಳ ಔಷಧಿ ಮುಗಿಯಬೇಕು, ಮುಗಿಯುವ ತನಕ ಗುಂಪಿನಲ್ಲಿ ಇವಳ ಜಾಗವೂ ಉಳಿಯಬೇಕು. ಒಂದು ಉಳಿದು ಇನ್ನೊಂದು ಹೋದರೆ ಎರಡೂ ಹೋದ ಹಾಗೆ. ಇದನ್ನು ಮಾಡದೆ ಹಚ್ಚೊಳ್ಳಿ ಬಿಡುವುದಿಲ್ಲ ಅಂತ ಅಲ್ಲೇ ಏರಿಯ ಮೇಲೆ ನಿಂತು ಹಠ ಹಿಡಿದೆ.

ಗೌಡರಿಗೆ ಒಂದು ದಿನ ತಾಳಿ ಅಂದೆ. ಮರುದಿನ ಲ್ಯಾಬಿನವರನ್ನು ಕರೆತಂದು ಗುಂಪಿನ ಎಲ್ಲರ ರಕ್ತವನ್ನೂ ತೆಗೆಸಿದೆ. ಈ ಸಲ ಪ್ರತಿಯೊಬ್ಬಳ ಹೆಸರಿಗೂ ಮೇಸ್ತ್ರಿ ಪಕ್ಕದಲ್ಲಿ ನಿಂತು ಹೌದು ಅನ್ನಬೇಕು. ಗೌಡರ ಮನೆಯವರದು, ಪಂಪ್‌ಸೆಟ್ ಕಾಯುವ ಮುದುಕನದೂ ತೆಗೆಸಿದೆ. ಗುಂಪಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಪಂಪ್‌ಸೆಟ್ಟಿನ ಮುದುಕನಿಗೆ ಇತ್ತು. ಅವನು ಹಚ್ಚೊಳ್ಳಿಯವನೇ, ಗಡಿ ದಾಟಿದವನಲ್ಲ. ಗುಂಪು ಬರುವ ಮೊದಲಿಂದಲೂ ಒಂದು ದಿನ ಬಿಟ್ಟು ಒಂದು ದಿನ ಚಳಿ ಬರುತ್ತಿದೆ, ಕಂಬಳಿ ಹೊದ್ದರೆ ಹೋಗುತ್ತದೆ ಅಂದ.

ಗೌಡರನ್ನು ಅವರ ಬಸಿಗಾಲುವೆಗೇ ಕರೆದುಕೊಂಡು ಹೋಗಿ ಸೌಟಿನಲ್ಲಿ ನೀರು ಗೋರಿ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. “ಗೌಡ್ರ, ಇವು ನಿಮ್ಮ ಗದ್ಯಾಗ ಹುಟ್ಯಾವ. ಯಾರು ಯಾರಿಗೆ ಕೊಟ್ರು ಅಂತ ನಾ ಹೇಳಾಕ ಬರಂಗಿಲ್ಲ, ನೀವೂ ಹೇಳಬ್ಯಾಡ್ರಿ. ಗುಂಪು ಕಳಿಸಿದ್ರ ಸೊಳ್ಳಿ ಹೋಗ್ತಾವೇನು?” ಅಂದೆ. ಅವರು ಸೌಟು ವಾಪಸು ಕೊಟ್ಟರು. ಗುಡಾರ ಕೀಳಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಸಸಿ ಬಲಿಯುತ್ತಿತ್ತು, ಬೇರೆ ಗುಂಪು ಸಿಗುವುದು ಅಷ್ಟು ಸುಲಭವೂ ಇರಲಿಲ್ಲ.

ಇನ್ನು ಮೇಸ್ತ್ರಿ. ಗುಳಿಗೆಯ ಹೊತ್ತು ಬದಲಿಸುವುದು ಕಷ್ಟವಾಗಲಿಲ್ಲ. ಗುಂಪು ಬೆಳಗಿನ ಜಾವ ಬರಿ ಚಹಾ ಕುಡಿದು ಹೋಗುತ್ತದೆ, ಹೊತ್ತೇರಿದ ಮೇಲೆ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತದೆ. ಆ ಹೊತ್ತಿಗೆ ನಾನೇ ಗದ್ದೆಗೆ ಬರುತ್ತೇನೆ, ಉಂಡ ಮೇಲೆ ಎಲ್ಲರೆದುರು ನುಂಗಲಿ ಅಂದೆ. ಒಪ್ಪಿದಳು. ಆದರೆ ಜ್ವರದಾಕೆ ಮೊದಲ ಮೂರು ದಿನ ಮಲಗಬೇಕು, ಅವಳ ಪಾಲು ಕಡಿಯಬಾರದು ಅಂದಾಗ ಸುತರಾಂ ಆಗುವುದಿಲ್ಲ ಅಂದಳು. ಒಬ್ಬಳಿಗೆ ಹಾಗೆ ಬಿಟ್ಟರೆ ನಾಳೆ ಇನ್ನೊಬ್ಬಳು ಕೇಳುತ್ತಾಳೆ, ನಾಟಿ ಹಿಂದೆ ಬಿದ್ದರೆ ಎಲ್ಲರ ಹೊಟ್ಟೆಗೂ ಕಲ್ಲು. ಅವಳ ಮಾತು ತಪ್ಪಲ್ಲ. ಅವಳದೇ ನಿಯಮವನ್ನು ಹಿಡಿದೆ.

“ಅಕ್ಕ, ಗುಳಿಗಿಗೆ ಬದಲಿ ಆಳು ನಡಿಯಂಗಿಲ್ಲ. ನಾಟಿಗೆ ನಡೀತೈತಲ್ಲ?”

“ನಡೀತೈತಿ. ಆಳು ಎಲ್ಲಿ ಐತ್ರಿ? ನೀವ ಇಳೀತೀರೇನು?”

ಗದ್ದೆಯಲ್ಲಿ ನಗು ಎದ್ದಿತು. ಅವಳು ಛೇಡಿಸಲೆಂದೇ ಕೇಳಿದ್ದು. ನನಗೆ ಮೂಗಿನ ತುದಿಯ ಸಿಟ್ಟು ಕೆಲಸಕ್ಕೆ ಬಂದದ್ದು ಆಗ. ನಾನು ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯವಳು, ಹೊಲದಲ್ಲೇ ಬೆಳೆದವಳು. ಆದರೆ ನಾಟಿಯ ಕೆಲಸ ಸರಿಯಾಗಿ ಯಾವತ್ತೂ ಕಲಿತವಳಲ್ಲ. ಕಲಿಯುವುದರೊಳಗೆ ಓದಲು ಕಳಿಸಿದ್ದರು. ಆದರೂ ನಾಳೆ ನನಗೆ ರಜೆ, ಇಳಿಯುತ್ತೇನೆ ಅಂದೆ. ನಗು ನಿಂತಿತು.

ಮರುದಿನ ಸೀರೆಯನ್ನು ಮೊಳಕಾಲಿಗೆ ಎತ್ತಿಕಟ್ಟಿ ಇಳಿದೆ. ಎಡಗೈಯಲ್ಲಿ ಸಸಿಯ ಹಿಡಿ, ಬಲಗೈ ಹೆಬ್ಬೆರಳಿನಿಂದ ಎರಡು ಮೂರು ಸಸಿ ಬೇರ್ಪಡಿಸಿ ಕೆಸರಿಗೆ ಊರಿ, ಒಂದು ಹೆಜ್ಜೆ ಹಿಂದೆ ಸರಿಯುವುದು. ಅವರ ಕೈ ಯಂತ್ರದ ಹಾಗೆ ಓಡುತ್ತಿತ್ತು. ನಾನು ಆಳವಾಗಿ ಊರಿದ್ದು ಕೊಳೆಯುತ್ತದೆ ಅಂತ ಒಬ್ಬಳು, ಮೇಲೆ ಊರಿದ್ದು ತೇಲುತ್ತದೆ ಅಂತ ಇನ್ನೊಬ್ಬಳು ಬೈದರು. ನನ್ನ ಸಾಲು ಹಾವು ಹರಿದ ಹಾಗಿತ್ತು, ಪಕ್ಕದವಳು ಅದನ್ನು ತಿದ್ದುತ್ತ ಬಂದಳು. ಕೈ ಕೆಸರಾದರೆ ಬಾಯಿ ಮೊಸರಂತೆ, ಮೇಡಮ್ಮನಿಗೆ ಮೊಸರೂ ಇಲ್ಲ ಅಂತ ಮೇಸ್ತ್ರಿ ಹಾಸ್ಯ ಮಾಡಿದಳು. ಬುತ್ತಿ ಹೊತ್ತಿಗೆ ನಡು ಎರಡು ತುಂಡಾಗಿತ್ತು. ಅವರ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದೆ. ಜ್ವರದಾಕೆಯನ್ನು ಗುಡಾರದಿಂದ ನಡೆಸಿಕೊಂಡು ಬಂದರು. ಅವಳು ಎಲ್ಲರೊಡನೆ ಕೂತು ಉಂಡು, ಎಲ್ಲರೆದುರು ಗುಳಿಗೆ ನುಂಗಿದಳು. ಬಾಯಿ ತೆರೆಸುವ ಕೆಲಸವನ್ನು ಮೇಸ್ತ್ರಿಯೇ ವಹಿಸಿಕೊಂಡಳು.

ಸರ್ಕಾರಿ ಹೆಣ್ಣುಮಗಳು ಗೌಡರ ಗದ್ದೆಯಲ್ಲಿ ನಾಟಿ ಹಚ್ಚಿದಳು ಅನ್ನುವ ಸುದ್ದಿ ಜ್ವರದ ಸುದ್ದಿಗಿಂತ ಬೇಗ ಹಬ್ಬಿತು. ಸಂಜೆ ಗೌಡರು ಫೋನು ಮಾಡಿ, ಊರ ಕಟ್ಟೆಯಲ್ಲಿ ಜನ 'ಗೌಡ, ಮೇಡಂ ಕೈಲಿ ಕೂಲಿ ಮಾಡಿಸಿದ' ಅಂತ ಆಡಿಕೊಳ್ಳುತ್ತಿದ್ದಾರೆ, ಇನ್ನು ಮೇಲೆ ಇಳಿಯಬೇಡಿ ಅಂತ ಅಂಗಲಾಚಿದರು. ಆಗಲಿ, ಬದಲಿ ಆಳು ನೀವು ಕೊಡಿ ಅಂದೆ. ತಮ್ಮ ಕಾಯಂ ಆಳಿನ ಹೆಂಡತಿಯನ್ನು ಕಳಿಸಿದರು. ಜ್ವರದಾಕೆಯ ಪಾಲು ಜ್ವರದಾಕೆಗೇ ಉಳಿಯಿತು.

ನಾಲ್ಕನೇ ದಿನದಿಂದ ಅವಳು ಮತ್ತೆ ಗದ್ದೆಗಿಳಿದಳು. ನಾನು ಪ್ರತಿದಿನ ಬುತ್ತಿ ಹೊತ್ತಿಗೆ ಹಾಜರಾಗುತ್ತಿದ್ದೆ. ಉಚ್ಚೆಯ ಬಣ್ಣ ಕೇಳುತ್ತಿದ್ದೆ, ಕಣ್ಣು ನೋಡುತ್ತಿದ್ದೆ. ಪಂಪ್‌ಸೆಟ್ಟಿನ ಮುದುಕನೂ ತನ್ನ ಗುಳಿಗೆ ನುಂಗಲು ಅದೇ ಬದುವಿಗೆ ಬಂದು ಕೂರತೊಡಗಿದ, ರೊಟ್ಟಿ ಸಿಗುತ್ತದಲ್ಲ. ಬಸಿಗಾಲುವೆಗೆ ಹುಳ ತಿನ್ನುವ ಸಣ್ಣ ಮೀನು ತಂದು ಬಿಟ್ಟೆವು. ಇಲಾಖೆಯಲ್ಲಿ ಬಡಿದಾಡಿ ಗುಡಾರಗಳಿಗೆ ಪರದೆಗಳನ್ನೂ ತಂದುಕೊಟ್ಟೆ.

ಔಷಧಿ ಮುಗಿಯುವ ಮೊದಲೇ ಹಚ್ಚೊಳ್ಳಿಯ ನಾಟಿ ಮುಗಿಯಿತು. ಗುಂಪು ಕುರುಗೋಡು ಕಡೆಗೆ ಮೆಣಸಿನಗಿಡದ ಕಳೆ ತೆಗೆಯಲು ಹೊರಟಿತು. ಅದು ನಮ್ಮ ಕೇಂದ್ರದ ವ್ಯಾಪ್ತಿಯಲ್ಲ, ಅಲ್ಲಿಯವರಿಗೆ ಪತ್ರ ಬರೆದು ಕೈ ತೊಳೆದುಕೋ ಅಂತ ವೈದ್ಯಾಧಿಕಾರಿಗಳು ಅಂದರು. ಪತ್ರ ಬರೆದೆ. ಪತ್ರ ಮುಟ್ಟುವಷ್ಟರಲ್ಲಿ ಗುಂಪು ಇನ್ನೆಲ್ಲೋ ಇರುತ್ತದೆ ಅಂತಲೂ ಹೇಳಿದೆ. ಅವರು ನನ್ನ ಮುಖ ನೋಡಿ, ನೀನು ಹೇಗೂ ಹೋಗುವವಳೇ, ಹೋಗು ಅಂದರು. ಕುರುಗೋಡಿನ ಆರೋಗ್ಯ ಸಹಾಯಕಿಯನ್ನು ಕರೆದುಕೊಂಡು ಹೋಗಿ ಗುಂಪಿಗೆ ಪರಿಚಯ ಮಾಡಿಸಿದೆ. ಕೊನೆಯ ಗುಳಿಗೆಯ ದಿನ ಗುಂಪು ನಮ್ಮ ಬಾದನಹಟ್ಟಿಯಲ್ಲೇ ಇತ್ತು, ನಾನೂ ಹೋದೆ.

ಜ್ವರದಾಕೆ ಗುಳಿಗೆ ನುಂಗಿ ನೀರು ಕುಡಿದಳು. ಬೆರಳು ಚುಚ್ಚಿ ಮತ್ತೊಮ್ಮೆ ರಕ್ತ ತೆಗೆದುಕೊಂಡೆ. ನನ್ನ ಮಟ್ಟಿಗೆ ಕೆಲಸ ಗೆದ್ದಿತ್ತು, ಒಳಗೇ ಹಿಗ್ಗುತ್ತಿದ್ದೆ. ಅಷ್ಟು ದಿನ ಹೂಂ, ಉಹೂಂ ಬಿಟ್ಟು ಹೆಚ್ಚು ಮಾತಾಡದವಳು ಅವತ್ತು ಕೇಳಿದಳು.

“ಮೇಡಂ, ಮುಂದಿನ ವರ್ಷ ಮತ್ತ ಅದ ಜಾಗದಾಗ ಮಲಗ್ತೀವಿ. ಅವ ಸೊಳ್ಳಿ ಕಡೀತಾವ. ನೀವು ಮತ್ತ ಇದ ಗುಳಿಗಿ ತರ್ತೀರಿ. ಹಿಂಗ ಎಷ್ಟು ವರ್ಷ ನುಂಗಬೇಕ್ರಿ?”

ನನ್ನ ಹಿಗ್ಗು ಇಳಿಯಿತು. ಪರದೆ ಇದೆಯಲ್ಲ ಅನ್ನಲು ಹೋದೆ. ಮೂರು ಕಡೆ ಬಯಲು, ಗಾಳಿ ಬಂದರೆ ಪರದೆ ಎಲ್ಲಿ ನಿಲ್ಲುತ್ತದೆ ಅಂತ ಮೇಸ್ತ್ರಿ ಕೇಳಿದಳು. ಆಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೊಳ್ಳೆ ರಕ್ತ ಕುಡಿದ ಮೇಲೆ ಮೈಭಾರವಾಗಿ ಗೋಡೆಯ ಮೇಲೆ ಕೂರುತ್ತದೆ. ನಾವು ಮನೆಗಳಿಗೆ ಔಷಧಿ ಹೊಡೆಯುವುದು ಆ ಗೋಡೆಗೆ. ಕೂತ ಸೊಳ್ಳೆ ಅಲ್ಲೇ ಸಾಯುತ್ತದೆ. ಟಾರ್ಪಾಲಿಗೆ ಹೊಡೆದು ಪ್ರಯೋಜನವಿಲ್ಲ, ಬಯಲಿಗಂತೂ ಹೊಡೆಯಲು ಬರುವುದಿಲ್ಲ. ಜ್ವರದಾಕೆ ನೀರಿನ ಚೊಂಬು ಕೆಳಗಿಟ್ಟು ಕೇಳಿದಳು.

“ಗ್ವಾಡಿ ಇದ್ರ ನಮಗೂ ಹೊಡೀತೀರಾ?”

“ಹೊಡೀತೀನಿ.”

ಅವಳು ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಬುತ್ತಿಯ ಬಟ್ಟೆ ಝಾಡಿಸಿ ಎದ್ದಳು. ಗುಂಪು ಕಳೆಗೆ ಹೊರಟಿತು. ರಕ್ತದಲ್ಲಿ ರೋಗಾಣು ಇಲ್ಲ ಅಂತ ಮರುದಿನ ಮೇಸ್ತ್ರಿಗೆ ಫೋನಿನಲ್ಲಿ ತಿಳಿಸಿದೆ. ಆ ವರ್ಷ ಅವಳಿಗೆ ಮತ್ತೆ ಜ್ವರ ಬಂದ ಸುದ್ದಿ ಬರಲಿಲ್ಲ.

ಮುಂದಿನ ಸಲ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಗೌಡರ ಫೋನು ಬಂತು. ದನಿಯಲ್ಲಿ ಬೆಂಕಿ. ನಾಟಿಗೆ ಕರೆಯಲು ಗಡಿಯಾಚೆ ಹೋಗಿದ್ದರಂತೆ. ಮೇಸ್ತ್ರಿ ಎಕರೆಯ ಮಾತು ಎತ್ತುವ ಮೊದಲು, ಮಲಗಲು ಗೋಡೆ ಇರುವ ಜಾಗ ಉಂಟೋ ಇಲ್ಲವೋ ಹೇಳಿ ಅಂದಳಂತೆ. ಇಲ್ಲ ಅಂದರೆ ಮುಂದಿನ ಊರಿನವರು ಗೋದಾಮು ಬಿಟ್ಟುಕೊಡುತ್ತಾರೆ, ಅಲ್ಲಿಗೆ ಹೋಗುತ್ತೇವೆ ಅಂದಳಂತೆ. ಸುತ್ತಲಿನ ಗುಂಪುಗಳೆಲ್ಲ ಇದನ್ನೇ ಹಿಡಿದಿವೆ, ನಾಟಿಯ ಹೊತ್ತಿನಲ್ಲಿ ಕುತ್ತಿಗೆಗೆ ಕೂತಿದ್ದಾರೆ ಅಂದರು ಗೌಡರು.

“ನೀವ ಕಲಿಸಿದ್ದಲ್ರಿ ಇದು?”

“ಗೌಡ್ರ, ಗ್ವಾಡಿಗೆ ಔಷಧ ಹೊಡೀತೀವಿ ಅಂದಿದ್ದಷ್ಟ ನಾನು. ಗ್ವಾಡಿ ಕೇಳದು ಅವ್ರ ಬುದ್ಧಿ.”

ಗೌಡರು ಸ್ವಲ್ಪ ಹೊತ್ತು ಗೊಣಗಿದರು. ಆಮೇಲೆ, ಗೊಬ್ಬರದ ಗೋದಾಮು ಖಾಲಿ ಮಾಡಿಸಿದ್ದೇನೆ, ಔಷಧಿ ಹೊಡೆಯಲು ಯಾವಾಗ ಬರುತ್ತೀರಿ ಅಂದರು.

ಗುಂಪು ಬಂದಿಳಿದ ದಿನವೇ ಸ್ಪ್ರೇ ಪಂಪಿನವರನ್ನು ಕರೆದುಕೊಂಡು ಹೋದೆ. ಸಾಮಾನೆಲ್ಲ ಹೊರಗಿಟ್ಟಿದ್ದರು. ಬಾಣಂತಿಯ ಕೂಸು ಈಗ ಗೋದಾಮಿನ ಕಟ್ಟೆ ಹಿಡಿದುಕೊಂಡು ನಡೆಯುತ್ತಿತ್ತು. ಪಂಪಿನವರು ಒಂದೊಂದೇ ಗೋಡೆ ಮುಗಿಸಿ, ಔಷಧಿ ಒಣಗುವ ತನಕ ಒಳಗೆ ಹೋಗಬೇಡಿ, ಸುಣ್ಣ ಬಳಿಯಬೇಡಿ ಅಂತ ಹೇಳಿ ಹೊರಬಂದರು. ಹೋದ ವರ್ಷ ಜ್ವರದಲ್ಲಿ ಗೋಣಿಚೀಲ ಹೊದ್ದು ಬಿದ್ದಿದ್ದವಳು ಬಾಗಿಲಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟುಕೊಂಡು ನಾಲ್ಕೂ ಕಡೆ ದಿಟ್ಟಿಸಿದಳು.

“ಬಾಗಲ ಹಿಂದಿನ ಮೂಲಿ ಬಿಟ್ಟೀರಿ ಮೇಡಂ” ಅಂದಳು.

ಹೋಗಿ ನೋಡಿದೆ, ಬಿಟ್ಟಿದ್ದರು. ಪಂಪಿನವರನ್ನು ಮತ್ತೆ ಒಳಗೆ ಕಳಿಸಿದೆ.